ಕೈಗೆಟುಕುವ ಮೆಮೊರಿ, ಗೋಡೌನಿನ ಮೆಮೊರಿ

(ಒಂದು ಶನಿವಾರ ಸಂಜೆ ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪ್ರೊಜೆಕ್ಟರ್ ಕೈಕೊಟ್ಟಾಗ ಆಡಿದ ಮಾತುಗಳನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊಬೈಲ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಹೇಳುವುದು ಎರಡು ಅಂಕಿ. "8 ಜಿಬಿ, 128 ಜಿಬಿ ಸರ್." ನಾವೂ ತಲೆಯಾಡಿಸುತ್ತೇವೆ. ಎರಡೂ ಮೆಮೊರಿಯೇ. ಹಾಗಾದರೆ ಎರಡು ಯಾಕೆ? ಎರಡನ್ನೂ ಸೇರಿಸಿ 136 ಜಿಬಿಯ ಒಂದೇ ಮೆಮೊರಿ ಕೊಟ್ಟುಬಿಟ್ಟರೆ ಆಗುವುದಿಲ್ವಾ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ. ಅಸಲಿಗೆ ಆ ಫೋನಿನೊಳಗೆ ಇರುವುದು ಎರಡು ಮೆಮೊರಿ ಅಲ್ಲ, ಐದಾರು. ಉಳಿದವುಗಳ ಹೆಸರನ್ನು ಅಂಗಡಿಯವರು ಹೇಳುವುದಿಲ್ಲ, ಅಷ್ಟೇ.

ನಮ್ಮಪ್ಪನದು ದಿನಸಿ ಅಂಗಡಿ. ಶಾಲೆಯಿಂದ ಬಂದ ಮೇಲೆ ನಾನೂ ಅಲ್ಲೇ ಇರುತ್ತಿದ್ದೆ. ಅಪ್ಪ ಗಲ್ಲಾಪೆಟ್ಟಿಗೆ ಪಕ್ಕ ಕೂರುತ್ತಿದ್ದರು. ಎದುರಿಗೆ ತಕ್ಕಡಿ. ಕೂತಲ್ಲಿಂದ ಏಳದೆ ಕೈಗೆ ಸಿಗುವ ಹಾಗೆ ಬೆಂಕಿಪೊಟ್ಟಣ, ಬೀಡಿ, ಕಾಫಿಪುಡಿ, ಮಾಲೆ ಮಾಲೆಯಾಗಿ ನೇತಾಡುವ ಶಾಂಪೂ ಸ್ಯಾಶೆ. ಎದ್ದು ಎರಡು ಹೆಜ್ಜೆ ಇಟ್ಟರೆ ಗೋಡೆಯ ಶೆಲ್ಫು: ಸೋಪು, ಎಣ್ಣೆ, ಬೇಳೆ ಡಬ್ಬ. ಹಿಂಬಾಗಿಲು ದಾಟಿದರೆ ಗೋಡೌನು: ಅಕ್ಕಿ ಮೂಟೆ, ಬೆಲ್ಲ, ಸಕ್ಕರೆ. ಅಲ್ಲೂ ಖಾಲಿಯಾದರೆ ಹಾಸನದ ಮಂಡಿಗೆ ಟೆಂಪೊ ಹೋಗಬೇಕು.

ಕಂಪ್ಯೂಟರಿನ ಮೆಮೊರಿ ಇರುವುದೂ ಹೀಗೆಯೇ. ತಕ್ಕಡಿಯ ತಟ್ಟೆಯೇ ರಿಜಿಸ್ಟರ್. ತೂಕ ನಡೆಯುವುದು ಅಲ್ಲಿ ಮಾತ್ರ. ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್ಪು, ಎರಡು ಸಂಖ್ಯೆ ಕೂಡಬೇಕಾದರೆ ಅವು ರಿಜಿಸ್ಟರಿಗೆ ಬರಲೇಬೇಕು. ಕೈಗೆಟುಕುವ ಸಾಮಾನು, ಶೆಲ್ಫಿನ ಸಾಮಾನು, ಇವು ಕ್ಯಾಶ್. ಕ್ಯಾಶ್ ಅಂದ ಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳಬೇಡಿ. ಇದು ದುಡ್ಡಿನ ಕ್ಯಾಶ್ ಅಲ್ಲ, ಬಚ್ಚಿಡುವುದು ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಅದರಲ್ಲೂ ಮೂರು ಮಟ್ಟ: ಎಲ್1, ಎಲ್2, ಎಲ್3. ಗೋಡೌನು ಅಂದರೆ ರ‍್ಯಾಮ್. ಮಂಡಿ ಅಂದರೆ ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕ್. ಫೋನಿನ ಆ 8 ಜಿಬಿ ಗೋಡೌನು, 128 ಜಿಬಿ ಮಂಡಿ.

ದೂರ ಎಷ್ಟು ಅಂತ ಲೆಕ್ಕ ಹಾಕೋಣ. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಟಿಕ್ ಅನ್ನುತ್ತದೆ. ಅಷ್ಟು ಸಣ್ಣ ಕಾಲ ನಮ್ಮ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಒಂದು ಟಿಕ್ಕನ್ನು ಹಿಗ್ಗಿಸಿ ಒಂದು ಸೆಕೆಂಡು ಮಾಡಿಕೊಳ್ಳೋಣ. ಆಗ ರಿಜಿಸ್ಟರಿನಲ್ಲಿದ್ದದ್ದು ಒಂದು ಸೆಕೆಂಡಿಗೆ ಸಿಗುತ್ತದೆ. ಎಲ್1ರಿಂದ ತರಲು 4-5 ಸೆಕೆಂಡು. ಎಲ್2ಕ್ಕೆ 15 ಸೆಕೆಂಡಿನ ಆಸುಪಾಸು. ಎಲ್3 ಅಂದರೆ ಮುಕ್ಕಾಲು ನಿಮಿಷ, ಒಂದು ನಿಮಿಷ. ರ‍್ಯಾಮ್‌ಗೆ ಹೋಗಿ ಬರಲು 4-5 ನಿಮಿಷ. ಇಲ್ಲಿವರೆಗೂ ಸರಿ, ಒಂದು ಬೀಡಿ ಸೇದುವಷ್ಟು ಹೊತ್ತು. ಮುಂದಿನದು ಕೇಳಿ. ಎಸ್‌ಎಸ್‌ಡಿಯಿಂದ ತರಬೇಕಾದರೆ ಮೂರು ದಿನದ ಮೇಲೆ. ತಿರುಗುವ ಹಾರ್ಡ್‌ಡಿಸ್ಕಿನಿಂದ ತರಬೇಕಾದರೆ ಹೆಚ್ಚೂಕಡಿಮೆ ಒಂದು ವರ್ಷ! ಈ ಯುಗಾದಿಗೆ ಕೇಳಿದ ಬೇವು ಬೆಲ್ಲ ಮುಂದಿನ ಯುಗಾದಿಗೆ ಸಿಕ್ಕ ಹಾಗೆ.

ಹಾರ್ಡ್‌ಡಿಸ್ಕ್ ಅಷ್ಟು ತಡ ಯಾಕೆ ಅಂದರೆ ಅದರೊಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತದೆ. ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿಯ ತೋಳು ಸರಿಯುವ ಹೊತ್ತನ್ನೂ ಸೇರಿಸಿದರೆ 10 ಮಿಲಿಸೆಕೆಂಡಿನ ಹತ್ತಿರ ಬರುತ್ತದೆ. ನಮಗೆ ಅದು ಏನೂ ಅಲ್ಲ. ಪ್ರೊಸೆಸರಿಗೆ ಅದು ಮೂರು ಕೋಟಿ ಟಿಕ್.

ಎಲ್ಲವನ್ನೂ ಎಲ್1ರ ಹಾಗೇ ಮಾಡಿಬಿಟ್ಟರೆ? ಇದನ್ನು ಕಾಲೇಜು ಹುಡುಗರು ಕೇಳಿಯೇ ಕೇಳುತ್ತಾರೆ. ಮೊದಲ ಅಡ್ಡಿ ದುಡ್ಡು. ಕ್ಯಾಶ್ ಮಾಡುವುದು ಎಸ್‌ರ‍್ಯಾಮ್‌ನಿಂದ. ಅದರಲ್ಲಿ ಒಂದು ಬಿಟ್, ಅಂದರೆ ಒಂದು 0 ಅಥವಾ 1, ಇಡಲು ಸಾಮಾನ್ಯವಾಗಿ 6 ಟ್ರಾನ್ಸಿಸ್ಟರ್, ಅಂದರೆ ಪುಟಾಣಿ ಸ್ವಿಚ್ಚು, ಬೇಕು. ಗೋಡೌನಿನ ಮೆಮೊರಿ ಡಿರ‍್ಯಾಮ್. ಅದಕ್ಕೆ ಒಂದು ಟ್ರಾನ್ಸಿಸ್ಟರ್, ವಿದ್ಯುತ್ತನ್ನು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್ ಸಾಕು. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಇದಕ್ಕೆ 1968ರಲ್ಲಿ ಪೇಟೆಂಟ್ ಪಡೆದರು. ಅಗ್ಗವೇನೋ ಹೌದು, ಆದರೆ ಆ ಕೆಪಾಸಿಟರ್ ತೂತುಬಿದ್ದ ಕೊಡದ ಹಾಗೆ. ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ನೀವು ಸುಮ್ನೆ ಕೂತಿದ್ದಾಗಲೂ ನಿಮ್ಮ ರ‍್ಯಾಮ್ ನೀರು ಹೊರುತ್ತಲೇ ಇರುತ್ತದೆ.

ಎರಡನೆಯ ಅಡ್ಡಿಯನ್ನು ದುಡ್ಡು ಕೊಟ್ಟೂ ದಾಟಲು ಆಗದು. ಅದು ದೂರ. ಒಂದು ಟಿಕ್ಕಿನಲ್ಲಿ ಬೆಳಕು ಹೋಗುವುದೇ 10 ಸೆಂಟಿಮೀಟರ್. ತಂತಿಯಲ್ಲಿ ಇನ್ನೂ ಕಡಿಮೆ. ಮೆಮೊರಿ ದೊಡ್ಡದಾದಷ್ಟೂ ಜಾಗ ಹಿಡಿಯುತ್ತದೆ, ತಂತಿ ಉದ್ದವಾಗುತ್ತದೆ, ಹುಡುಕುವ ಕೆಲಸ ಜಾಸ್ತಿಯಾಗುತ್ತದೆ. ಅಪ್ಪ ಇಡೀ ಗೋಡೌನನ್ನು ಗಲ್ಲಾಪೆಟ್ಟಿಗೆ ಸುತ್ತ ಸುರಿದುಕೊಂಡಿದ್ದರೆ ಬೆಂಕಿಪೊಟ್ಟಣವೂ ಕೈಗೆ ಸಿಗುತ್ತಿರಲಿಲ್ಲ. ಬೇಗ ಸಿಗಬೇಕಾದದ್ದು ಸ್ವಲ್ಪವೇ ಇರಬೇಕು. ಎಲ್1 ಇವತ್ತಿಗೂ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಒಂದು ಕೋರಿಗೆ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದೊಂದು ಭಾಗಕ್ಕೆ) 32 ಅಥವಾ 48 ಕೆಬಿಯ ಆಸುಪಾಸಿನಲ್ಲೇ ಇರುವುದು ಸುಮ್ನೆ ಅಲ್ಲ.

32 ಕೆಬಿ ಅಂದರೆ ಕಡಿಮೆ ಅನ್ನಿಸಿತಾ? ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಟಿಫ್ರಾಕ್ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡಿತು. ಅದರ ಇಡೀ ಮೆಮೊರಿ 40 ಬಿಟ್‌ನ 2048 ಪದಗಳು (ಕಂಪ್ಯೂಟರ್ ಒಂದೇ ಸಲಕ್ಕೆ ಎತ್ತಿಕೊಳ್ಳುವ ಬಿಟ್ಟುಗಳ ಗುಂಪಿಗೆ ಪದ ಅನ್ನುತ್ತಾರೆ). ಈಗಿನ ಲೆಕ್ಕದಲ್ಲಿ 10 ಕೆಬಿ. ಒಂದು ಎಲ್1ರಲ್ಲಿ ಮೂರು ಟಿಫ್ರಾಕ್ ಹಿಡಿಸುತ್ತವೆ.

ಮೆಮೊರಿಯನ್ನು ಮಟ್ಟ ಮಟ್ಟವಾಗಿ ಇಡುವ ಯೋಚನೆ ಹೊಸದಲ್ಲ. ಕಂಪ್ಯೂಟರ್ ಸರಿಯಾಗಿ ಹುಟ್ಟುವ ಮೊದಲೇ, 1946ರಲ್ಲಿ, ಅಮೆರಿಕದ ವಿಜ್ಞಾನಿಗಳಾದ ಬರ್ಕ್ಸ್, ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಒಂದು ವರದಿ ಬರೆದರು. ಅದರ ತಿರುಳು ಇಷ್ಟು: ನಮಗೆ ಬೇಕಾದದ್ದು ಕೊನೆಯಿಲ್ಲದಷ್ಟು ದೊಡ್ಡದಾದ, ಕೇಳಿದ ತಕ್ಷಣ ಕೊಡುವ ಮೆಮೊರಿ. ಅದು ಸಿಗುವ ಹಾಗೆ ಕಾಣುವುದಿಲ್ಲ. ಆದ್ದರಿಂದ ಒಂದರ ಹಿಂದೆ ಒಂದು ಮೆಮೊರಿ ಇಡೋಣ, ಹಿಂದೆ ಹೋದಷ್ಟೂ ದೊಡ್ಡದು, ಹಿಂದೆ ಹೋದಷ್ಟೂ ನಿಧಾನ. ಸುಮಾರು ಎಂಬತ್ತು ವರ್ಷವಾಯಿತು. ಆ ಮಾತು ಇವತ್ತಿಗೂ ಅಲುಗಾಡಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಎಲ್1ರಲ್ಲಿ ಹಿಡಿಸುವುದು 32 ಕೆಬಿ, ರ‍್ಯಾಮ್‌ನಲ್ಲಿ ಇರುವುದು 8 ಜಿಬಿ. ಎರಡೂವರೆ ಲಕ್ಷ ಪಟ್ಟು ವ್ಯತ್ಯಾಸ. ಪ್ರೊಸೆಸರ್ ಎಲ್ಲಿ ಬೇಕೋ ಅಲ್ಲಿಗೆ ಕೈಚಾಚುತ್ತಿದ್ದರೆ ಕೇಳಿದ್ದು ಕ್ಯಾಶಿನಲ್ಲಿ ಸಿಗುವ ಭಾಗ್ಯ ಲಾಟರಿ ಹೊಡೆದಷ್ಟೇ ಅಪರೂಪ. ಆದರೂ ಸಾಮಾನ್ಯ ಪ್ರೋಗ್ರಾಮಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಸಲ ಅಲ್ಲೇ ಸಿಗುತ್ತದೆ. ಹೇಗೆ?

ಅಪ್ಪನಿಗೆ ಗೊತ್ತಿತ್ತು. ಊರಿನವರಿಗೆ ಅಭ್ಯಾಸ ಇರುತ್ತದೆ. ಬೆಳಿಗ್ಗೆ ಕಾಫಿಪುಡಿ ಕೊಂಡವರು ನಾಳೆ ಬೆಳಿಗ್ಗೆಯೂ ಬರುತ್ತಾರೆ. ಕಾಫಿಪುಡಿ ಕೇಳಿದವರು ಮರುಗಳಿಗೆಯಲ್ಲಿ ಸಕ್ಕರೆ ಕೇಳುತ್ತಾರೆ. ಹಾಗಾಗಿ ಎರಡೂ ಅಕ್ಕಪಕ್ಕ. ಪ್ರೋಗ್ರಾಮುಗಳೂ ಹೀಗೆಯೇ. ಈಗ ಮುಟ್ಟಿದ್ದನ್ನು ಇನ್ನೊಂದು ಕ್ಷಣದಲ್ಲಿ ಮತ್ತೆ ಮುಟ್ಟುತ್ತವೆ, ಯಾಕೆಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಸುತ್ತುತ್ತಿರುತ್ತದೆ. ಇದನ್ನು ಮುಟ್ಟಿದ ಮೇಲೆ ಪಕ್ಕದ್ದನ್ನು ಮುಟ್ಟುತ್ತವೆ, ಯಾಕೆಂದರೆ ಪಟ್ಟಿಯನ್ನು ಸಾಲಾಗಿ ಓದುತ್ತಿರುತ್ತವೆ. ಕಂಪ್ಯೂಟರಿನ ಮೆಮೊರಿ ವ್ಯವಸ್ಥೆ ಪೂರ್ತಿ ನಿಂತಿರುವುದು ಈ ಒಂದು ಜೂಜಿನ ಮೇಲೆ. ಪ್ರೋಗ್ರಾಮು ತನ್ನ ಚಾಳಿ ಬಿಡುವುದಿಲ್ಲ ಅನ್ನುವ ಜೂಜು.

ಪಕ್ಕದ್ದೂ ಬೇಕಾಗುತ್ತದೆ ಅನ್ನುವ ನಂಬಿಕೆಗೆ ಒಂದು ಅಳತೆಯೇ ಇದೆ. ಗೋಡೌನಿಗೆ ಹೋದ ಹುಡುಗ ಒಂದೇ ಬೆಂಕಿಪೊಟ್ಟಣ ತಂದರೆ ಅಪ್ಪ ಬೈಯುತ್ತಿದ್ದರು. ಒಂದು ಕಟ್ಟು ತರಬೇಕು. ಹೇಗೂ ಅಷ್ಟು ದೂರ ಹೋಗಿದ್ದಾಯಿತಲ್ಲ. ನಮ್ಮ ಲ್ಯಾಪ್‌ಟಾಪುಗಳಲ್ಲಿ ಈ ಕಟ್ಟು ಬಹುಪಾಲು 64 ಬೈಟಿನದು (ಒಂದು ಬೈಟು ಅಂದರೆ 8 ಬಿಟ್). ನೀವು ಒಂದು ಬೈಟು ಕೇಳಿ, 64 ಬೈಟು ಬರುತ್ತದೆ. ಇದನ್ನು ಕ್ಯಾಶ್ ಲೈನ್ ಅನ್ನುತ್ತಾರೆ.

ಇದರ ಪರಿಣಾಮವನ್ನು ಕಣ್ಣಾರೆ ನೋಡಲಿ ಅಂತ ಆವತ್ತು ಒಂದು ಸಣ್ಣ ಸಿ ಪ್ರೋಗ್ರಾಮ್ ಓಡಿಸಿ ತೋರಿಸಿದೆ. 10,000 ಸಾಲು, ಪ್ರತಿ ಸಾಲಿನಲ್ಲಿ 10,000 ಸಂಖ್ಯೆ. ಒಟ್ಟು 10 ಕೋಟಿ. ಎಲ್ಲವನ್ನೂ ಕೂಡಬೇಕು. ಒಂದು ಸಲ ಅಡ್ಡಡ್ಡ, ಸಾಲಿನ ಮೇಲೆ ಸಾಲು. ಇನ್ನೊಂದು ಸಲ ಉದ್ದುದ್ದ, ಮೇಲಿಂದ ಕೆಳಕ್ಕೆ. ಕೂಡುವ ಸಂಖ್ಯೆಗಳು ಅವೇ, ಮೊತ್ತವೂ ಅದೇ. ಮೊದಲನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಎರಡನೆಯದಕ್ಕೆ ಎಲ್ಲರೂ ಪರದೆ ನೋಡುತ್ತಾ ಕಾದೆವು. ಇಂಥ ಲೆಕ್ಕದಲ್ಲಿ ಐದು ಪಟ್ಟು, ಹತ್ತು ಪಟ್ಟು ವ್ಯತ್ಯಾಸ ಬರುವುದು ಮಾಮೂಲು.

ಯಾಕೆ ಅಂತ ನೋಡಿ. ಒಂದು ಸಂಖ್ಯೆಗೆ 4 ಬೈಟು, ಅಂದರೆ ಒಂದು ಕಟ್ಟಿನಲ್ಲಿ 16 ಸಂಖ್ಯೆ. ಸಿ ಭಾಷೆ ಸಂಖ್ಯೆಗಳನ್ನು ಇಡುವುದು ಸಾಲು ಸಾಲಾಗಿ. ಅಡ್ಡ ಹೋದರೆ ಒಂದು ಸಲ ಗೋಡೌನಿಗೆ ಓಡಿದ್ದಕ್ಕೆ 16 ಸಂಖ್ಯೆ ಸಿಕ್ಕವು. ಉದ್ದ ಹೋದರೆ ಪ್ರತಿ ಹೆಜ್ಜೆಗೂ 40,000 ಬೈಟು ಹಾರಬೇಕು. ಒಂದು ಕಟ್ಟು ತಂದು ಅದರಲ್ಲಿ ಒಂದನ್ನೇ ಬಳಸಿ ಮುಂದಕ್ಕೆ ಹೋದ ಹಾಗೆ. ಎರಡನೇ ಉದ್ದಸಾಲಿಗೆ ಬಂದಾಗ ಆ ಕಟ್ಟುಗಳೇ ಮತ್ತೆ ಬೇಕು, ನಿಜ. ಆದರೆ ಅಷ್ಟು ಹೊತ್ತಿಗೆ 10,000 ಕಟ್ಟು ಬಂದಿವೆ. ಅವಕ್ಕೆ 640 ಕೆಬಿ ಜಾಗ ಬೇಕು. ಎಲ್1ರಲ್ಲಿ ಅಷ್ಟು ಎಲ್ಲಿದೆ? ಮೊದಲು ಬಂದವು ಆಗಲೇ ಆಚೆ ಹೋಗಿರುತ್ತವೆ. ಫೋರ್ಟ್ರಾನ್ ಭಾಷೆಯಲ್ಲಿ ಇದು ಪೂರ್ತಿ ಉಲ್ಟಾ, ಅಲ್ಲಿ ಉದ್ದ ಹೋಗುವುದೇ ಲಾಭ. ಪ್ರೋಗ್ರಾಮ್ ಬರೆಯುವವರು ಎಷ್ಟು ಲೆಕ್ಕ ಮಾಡುತ್ತೇವೆ ಅಂತ ಮಾತ್ರ ಎಣಿಸುತ್ತಾರೆ. ಎಷ್ಟು ಓಡಾಡುತ್ತೇವೆ ಅಂತ ಎಣಿಸುವವರು ಕಡಿಮೆ. ನನ್ನ ಅನುಭವದಲ್ಲಿ ನಿಧಾನಕ್ಕೆ ಕಾರಣ ಹೆಚ್ಚಿನ ಸಲ ಓಡಾಟವೇ.

ಜಾಗ ತುಂಬಿದಾಗ ಯಾವುದನ್ನು ಆಚೆ ಹಾಕಬೇಕು? ಇದಕ್ಕೆ ಪರ್ಫೆಕ್ಟ್ ಉತ್ತರ ಒಂದಿದೆ. ಐಬಿಎಂನ ಲಾಸ್ಲೊ ಬೆಲಾಡಿ 1966ರಲ್ಲಿ ಹೇಳಿದ್ದು: ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ತೆಗೆ. ಸರಿ, ಆದರೆ ಮುಂದೇನಾಗುತ್ತದೆ ಅಂತ ಯಾರಿಗೆ ಗೊತ್ತು? ಹಾಗಾಗಿ ಹಿಂದೆ ನೋಡಿ ಮುಂದಿನದನ್ನು ಊಹಿಸುತ್ತಾರೆ. ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ತೆಗೆಯುತ್ತಾರೆ. ಅಪ್ಪನೂ ಅದನ್ನೇ ಮಾಡುತ್ತಿದ್ದರು. ಗೌರಿ ಹಬ್ಬದ ವಾರ ಮಾತ್ರ ಆ ಲೆಕ್ಕ ತಲೆಕೆಳಗು. ಬಾಗಿನದ ಸಾಮಾನು ಪೂರ್ತಿ ಗೋಡೌನಿನಿಂದ ಮುಂದಕ್ಕೆ ಬರುತ್ತಿತ್ತು, ಶಾಂಪೂ ಮಾಲೆಗಳು ಹಿಂದಕ್ಕೆ.

ಹಬ್ಬದ ಹಿಂದಿನ ದಿನ ಒಂದು ವಿಚಿತ್ರ ನಡೆಯುತ್ತಿತ್ತು. ಗಿರಾಕಿಗಳು ಜಾಸ್ತಿ, ಕೇಳುವ ಸಾಮಾನೂ ಜಾಸ್ತಿ. ಶೆಲ್ಫಿನಲ್ಲಿ ಅಷ್ಟಕ್ಕೆ ಜಾಗವಿಲ್ಲ. ಒಂದು ತಂದರೆ ಇನ್ನೊಂದು ಒಳಗೆ, ಅದನ್ನೇ ಮರುಕ್ಷಣ ಯಾರೋ ಕೇಳುತ್ತಿದ್ದರು. ಹುಡುಗ ಓಡಿದ್ದೇ ಓಡಿದ್ದು, ವ್ಯಾಪಾರ ಮಾತ್ರ ನಿಂತೇ ಹೋಗುತ್ತಿತ್ತು. ಅಪ್ಪ ತಕ್ಕಡಿ ಹಿಡಿದು ಸುಮ್ನೆ ಕೂತಿರುತ್ತಿದ್ದರು.

ಇದನ್ನು ನಾನು ಮತ್ತೆ ನೋಡಿದ್ದು 2003ರಲ್ಲಿ, ಮೊದಲ ಕೆಲಸದಲ್ಲಿ. ಕೊಟ್ಟ ಕಂಪ್ಯೂಟರಿನಲ್ಲಿ 256 ಎಂಬಿ ರ‍್ಯಾಮ್. ನಾಲ್ಕು ಸಾಫ್ಟ್‌ವೇರ್ ಒಟ್ಟಿಗೆ ತೆರೆದರೆ ಮೌಸೂ ಅಲುಗುತ್ತಿರಲಿಲ್ಲ. ಡಿಸ್ಕಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ, ಒಳಗೆ ಕರಕರ ಸದ್ದು. ಪ್ರೊಸೆಸರ್ ನಿಧಾನ ಇದೆ ಬದಲಾಯಿಸಿ ಅಂತ ದೂರು ಕೊಟ್ಟೆ. ಹಿರಿಯರೊಬ್ಬರು ಬಂದು, ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ನೆ ಕೂತಿದೆ ಅಂತ ಪರದೆಯ ಮೇಲೆ ತೋರಿಸಿ ನಕ್ಕರು. ಮಾರನೇ ದಿನ ಇನ್ನೊಂದು 256 ಎಂಬಿ ತಂದು ಸಿಕ್ಕಿಸಿದರು. ಕಂಪ್ಯೂಟರ್ ಹೊಸದಾಯಿತು. ಈ ಕಾಯಿಲೆಗೆ ಥ್ರ್ಯಾಶಿಂಗ್ ಅಂತ ಹೆಸರು. ಇದು ಯಾಕಾಗುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಬರೆದಿದ್ದರು. ಒಂದು ಪ್ರೋಗ್ರಾಮಿಗೆ ಸದ್ಯಕ್ಕೆ ಬೇಕಾದ ಸಾಮಾನು ಇಷ್ಟು ಅಂತ ಇರುತ್ತದೆ, ಅದಕ್ಕಿಂತ ಕಡಿಮೆ ಜಾಗ ಕೊಟ್ಟರೆ ಓಡಾಟವೇ ಕೆಲಸವಾಗಿಬಿಡುತ್ತದೆ.

ಅಂದಹಾಗೆ ಗೋಡೌನಿಗೂ ಮಂಡಿಗೂ ನಡುವೆ ಸಾಮಾನು ತಾನಾಗಿಯೇ ಹೋಗಿಬರುವ ಏರ್ಪಾಡು ಮೊದಲು ಬಂದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಟಾಮ್ ಕಿಲ್ಬರ್ನ್ ತಂಡದ ಅಟ್ಲಾಸ್ ಕಂಪ್ಯೂಟರಿನಲ್ಲಿ, 1962ರಲ್ಲಿ. ಅದರ ವೇಗದ ಮೆಮೊರಿಯಲ್ಲಿ 16 ಸಾವಿರ ಪದ, ತಿರುಗುವ ಡ್ರಮ್ಮಿನಲ್ಲಿ 96 ಸಾವಿರ ಪದ. 512 ಪದಗಳ ಒಂದೊಂದು ಪುಟ ಮಾಡಿ ಹಿಂದೆ ಮುಂದೆ ಸಾಗಿಸುತ್ತಿದ್ದರು. ಪ್ರೋಗ್ರಾಮ್ ಬರೆದವನಿಗೆ ಮಾತ್ರ ಒಂದೇ ದೊಡ್ಡ ಮೆಮೊರಿ ಕಾಣುತ್ತಿತ್ತು. ಅದಕ್ಕೂ ಮೊದಲು ಯಾವುದು ಯಾವಾಗ ಎಲ್ಲಿರಬೇಕು ಅಂತ ಅವನೇ ಕೂತು ಬರೆಯಬೇಕಿತ್ತು. ಕ್ಯಾಶಿನ ಯೋಚನೆಯನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಪುಟ್ಟ ಲೇಖನವೊಂದರಲ್ಲಿ ಬರೆದರು. ಮೂರು ವರ್ಷದಲ್ಲಿ ಐಬಿಎಂ ಅದನ್ನು ತನ್ನ ಸಿಸ್ಟಮ್/360 ಮಾಡೆಲ್ 85ರಲ್ಲಿ ತಂದಿತು.

ಇಲ್ಲಿವರೆಗೆ ಓದುವ ಮಾತಾಯಿತು. ಬರೆಯುವಾಗಿನ ಕಥೆ ಬೇರೆ, ಚುಟುಕಾಗಿ ಹೇಳುತ್ತೇನೆ. ಅಪ್ಪ ಸಾಲವನ್ನು ಮೊದಲು ಚೀಟಿಯಲ್ಲಿ ಗೀಚಿ, ರಾತ್ರಿ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದರು. ಕ್ಯಾಶ್ ಕೂಡ ಬದಲಾವಣೆಯನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ರ‍್ಯಾಮ್‌ಗೆ ಬರೆಯುತ್ತದೆ. ಚಿಕ್ಕಪ್ಪ ಇನ್ನೊಂದು ಕೌಂಟರಿನಲ್ಲಿ ಕೂತ ಮೇಲೆ ತಕರಾರು ಶುರುವಾಯಿತು. ಗಿರಾಕಿ ಅಲ್ಲಿ ಸಾಲ ತೀರಿಸಿದ್ದಾನೆ, ಇಲ್ಲಿ ಅಪ್ಪನ ಚೀಟಿಯಲ್ಲಿ ಇನ್ನೂ ಇದೆ. ಎಂಟು ಕೋರಿನ ಪ್ರೊಸೆಸರಿನಲ್ಲಿ ಎಂಟು ಕೌಂಟರ್, ಎಂಟು ಚೀಟಿ. ಅವೆಲ್ಲ ಒಂದನ್ನೊಂದು ಸದಾ ಕೂಗಿ ಕೇಳಬೇಕು. ಈ ಕೂಗಾಟಕ್ಕೇ ಎಷ್ಟೋ ಹೊತ್ತು ಹೋಗುತ್ತದೆ.

ಒಂದು ಕಳ್ಳತನದ ಕಥೆಯನ್ನೂ ಹೇಳಿಬಿಡುತ್ತೇನೆ. ಅಪರೂಪದ ಒಂದು ಸಾಮಾನು ಕೇಳುತ್ತೀರಿ. ಅಂಗಡಿಯವನು ಗೋಡೌನಿಗೆ ಹೋಗದೆ ತಟ್ಟನೆ ಕೊಟ್ಟ. ಏನು ಗೊತ್ತಾಯಿತು? ನಿಮಗಿಂತ ಮುಂಚೆ ಯಾರೋ ಅದನ್ನೇ ಕೇಳಿದ್ದಾರೆ. 2018ರ ಜನವರಿಯಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಅನ್ನುವ ದೋಷಗಳ ಹಿಂದೆ ಇದೇ ಉಪಾಯ ಇತ್ತು. ಪ್ರೊಸೆಸರ್ ಮುಂದಿನದನ್ನು ಊಹಿಸಿ ಗುಟ್ಟಿನ ಮಾಹಿತಿಯನ್ನು ಮುಟ್ಟುತ್ತದೆ. ತಪ್ಪಾಯಿತು ಅಂತ ಗೊತ್ತಾಗಿ ಫಲಿತಾಂಶವನ್ನು ಎಸೆಯುತ್ತದೆ. ಆದರೆ ಕ್ಯಾಶಿನಲ್ಲಿ ಹೆಜ್ಜೆಗುರುತು ಉಳಿಯುತ್ತದೆ. ಯಾವುದು ಬೇಗ ಬಂತು, ಯಾವುದು ತಡವಾಯಿತು ಅಂತ ಅಳೆದು ಆ ಗುಟ್ಟನ್ನು ಒಂದೊಂದೇ ಬೈಟಾಗಿ ಎತ್ತಬಹುದಿತ್ತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮೂರನ್ನು ಇಲ್ಲಿ ಬರೆಯುತ್ತೇನೆ.

ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ನನ್ನ ಫೋನಿನ ಡಬ್ಬದ ಮೇಲೆ 8+8 ಅಂತ ಇದೆಯಲ್ಲಪ್ಪಾ, 16 ಆಯ್ತಲ್ವಾ?" ಇಲ್ಲ ಸರ್. ಮೊದಲ 8 ಗೋಡೌನು. ಎರಡನೇ 8 ಮಂಡಿಯಲ್ಲಿ ಬಾಡಿಗೆಗೆ ಹಿಡಿದ ಜಾಗ, ಆ 128ರಲ್ಲೇ ಕಡ ತಂದದ್ದು. ನೀವು ಮುಟ್ಟದೆ ಬಿಟ್ಟ ಆ್ಯಪುಗಳ ಸಾಮಾನನ್ನು ಅಲ್ಲಿಗೆ ಸಾಗಿಸಿರುತ್ತಾರೆ. ಪೂರ್ತಿ ಸುಳ್ಳಲ್ಲ, ಆದರೆ ಐದು ನಿಮಿಷದ ದೂರವನ್ನೂ ಮೂರು ದಿನದ ದೂರವನ್ನೂ ಪ್ಲಸ್ ಹಾಕಿ ಕೂಡುವುದು ನನಗೆ ಸರಿ ಕಾಣುವುದಿಲ್ಲ.

ಅವರ ಪಕ್ಕದಲ್ಲಿದ್ದವರು: "ನಾನು ದಿನಾ ರಾತ್ರಿ ಎಲ್ಲ ಆ್ಯಪ್ ಕ್ಲಿಯರ್ ಮಾಡ್ತೀನಿ, ಒಳ್ಳೇದಲ್ವಾ?" ಕೆಟ್ಟುನಿಂತ ಆ್ಯಪನ್ನು ಮುಚ್ಚುವುದು ಸರಿ. ದಿನಾ ಎಲ್ಲವನ್ನೂ ಮುಚ್ಚುವುದು ಅಂದರೆ ಶೆಲ್ಫು ಗೋಡೌನು ಎರಡನ್ನೂ ಗುಡಿಸಿ ಸಾಮಾನನ್ನು ಮಂಡಿಗೆ ಕಳಿಸಿ, ಬೆಳಿಗ್ಗೆ ಮತ್ತೆ ತರಿಸಿದ ಹಾಗೆ. ಖಾಲಿ ಬಿದ್ದ ರ‍್ಯಾಮ್‌ನಿಂದ ಯಾರಿಗೂ ಲಾಭವಿಲ್ಲ. ಜಾಗ ಬೇಕಾದಾಗ ಫೋನೇ ಆಚೆ ಹಾಕುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಪಿಯುಸಿ ಓದುವವಳಿರಬೇಕು: "ಸರ್, ಗೋಡೌನನ್ನ ಪಕ್ಕದಲ್ಲಿ ಯಾಕೆ ಕಟ್ಟಬೇಕು? ಅಂಗಡಿ ಮೇಲೇ ಕಟ್ಟಬಹುದಲ್ವಾ?"

ಕಟ್ಟುತ್ತಿದ್ದಾರಮ್ಮ. ಎಐ ಲೆಕ್ಕ ಮಾಡುವ ಚಿಪ್ಪುಗಳಲ್ಲಿ ಡಿರ‍್ಯಾಮ್ ಅನ್ನು ದೋಸೆಯ ಹಾಗೆ ಒಂದರ ಮೇಲೊಂದು ಪೇರಿಸಿ, ಪ್ರೊಸೆಸರಿಗೆ ಅಂಟಿಕೊಂಡ ಹಾಗೇ ಕೂರಿಸುತ್ತಾರೆ. ಇನ್ನೂ ಸರಿಯಾದ ಉದಾಹರಣೆ ಚಿಪ್ಪು ತಯಾರಿಸುವ ಎಎಂಡಿ ಕಂಪನಿಯವರದು. 2022ರ ರೈಜೆನ್ 5800ಎಕ್ಸ್3ಡಿ ಚಿಪ್ಪಿನಲ್ಲಿ 32 ಎಂಬಿ ಎಲ್3 ಕ್ಯಾಶಿನ ಮೇಲೆ ಇನ್ನೂ 64 ಎಂಬಿಯ ಮಹಡಿ ಕಟ್ಟಿದರು. ಗೇಮ್ ಆಡುವವರಿಗೆ ಹಬ್ಬ. ಆದರೆ ಮೇಲೆ ಮಹಡಿ ಕೂತ ಮೇಲೆ ಕೆಳಗಿನ ಬಿಸಿ ಹೊರಗೆ ಹೋಗುವುದು ಕಷ್ಟ. ಮಹಡಿಯಿಲ್ಲದ ಚಿಪ್ಪು 4.7 ಗಿಗಾಹರ್ಟ್ಸ್‌ವರೆಗೆ ಓಡುತ್ತಿತ್ತು, ಇದನ್ನು 4.5ಕ್ಕೆ ಇಳಿಸಿದರು.

ನಮ್ಮಪ್ಪನೂ ಒಂದು ಸಲ ಅಂಗಡಿ ಮೇಲೆ ಅಟ್ಟ ಹಾಕಿಸಿದ್ದರು. ತಗಡಿನ ಮಾಡು. ಏಣಿ ಹತ್ತಿದರೆ ಸಾಮಾನು ಕೈಗೇ ಸಿಗುತ್ತಿತ್ತು. ಏಪ್ರಿಲ್ ಬಂದಾಗ ಮೇಲಿಟ್ಟ ಬೆಲ್ಲ ಕರಗಿ ತಕ್ಕಡಿ ಮೇಲೆ ತೊಟ್ಟಿಕ್ಕಿತು.